ಪೋಲ್ ವಾಲ್ಟ್: ಸೊಂಟ ಕೈಗಳಿಗಿಂತ ಮೇಲೇರುತ್ತಿಲ್ಲ, ಯಾವ ಅಭ್ಯಾಸ ಮಾಡಬೇಕು?

ಧಾರವಾಡದ ಜಿಗಿತಗಾರ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ದೈಹಿಕ ಶಿಕ್ಷಣ ಪದವಿ ಓದುತ್ತಿದ್ದೇನೆ. ಮೊದಲು ಉದ್ದ ಜಿಗಿತದಲ್ಲಿದ್ದು, ಈಗ ಪೋಲ್ ವಾಲ್ಟ್ ಕಲಿಯುತ್ತಿದ್ದೇನೆ. ನನ್ನ ತೂಕ 64 ಕೆ.ಜಿ. ನಾಲ್ಕು ಮೀಟರ್ ಉದ್ದದ, 150 ಪೌಂಡ್ ಗುರುತಿನ (ಅಂದರೆ ಅಷ್ಟು ತೂಕದವರೆಗಿನ ಜಿಗಿತಗಾರರಿಗೆಂದು ಮಾಡಿದ) ಪೋಲನ್ನು 3.50 ಮೀಟರಿನಲ್ಲಿ ಹಿಡಿದು 3.40 ಮೀಟರ್ ದಾಟುತ್ತೇನೆ. ಬಲಗೈ ಮೇಲೆ, ಎಡಗಾಲಿನ ಜಿಗಿತ.

ಓಟ ಮತ್ತು ಟೇಕಾಫ್ ಪರವಾಗಿಲ್ಲ ಎಂದು ನಮ್ಮ ತರಬೇತುದಾರರು ಹೇಳುತ್ತಾರೆ. ತೊಂದರೆಯಿರುವುದು ಅದರ ನಂತರ. ನೆಲ ಬಿಟ್ಟೊಡನೆ ಮಂಡಿಗಳನ್ನು ಎದೆಗೆ ಎಳೆದುಕೊಳ್ಳುತ್ತೇನೆ, ಆದರೂ ಸೊಂಟ ಕೆಳಗಿನ ಕೈಯ ಮಟ್ಟದಲ್ಲಿಯೇ ನಿಂತುಬಿಡುತ್ತದೆ, ಕೊನೆಗೆ ಕುಳಿತ ಭಂಗಿಯಲ್ಲೇ ಬಾರ್ ದಾಟುತ್ತೇನೆ. ಪುಲ್ ಅಪ್ ತೆಗೆಯುವುದರಲ್ಲಾಗಲಿ, ಬಾರಿಗೆ ಜೋತುಬಿದ್ದು ಕಾಲೆತ್ತುವುದರಲ್ಲಾಗಲಿ ನಾನು ಹಿಂದೆ ಬಿದ್ದವನಲ್ಲ; ಹಾಗಾಗಿ ಶಕ್ತಿಯ ಕೊರತೆಯೋ ತಂತ್ರದ ಕೊರತೆಯೋ ತಿಳಿಯುತ್ತಿಲ್ಲ. ಫೋಮ್ ಪಿಟ್ ವಾರಕ್ಕೊಮ್ಮೆ ಮಾತ್ರ ಸಿಗುತ್ತದೆ. ಉಳಿದ ದಿನಗಳಲ್ಲಿ ಸಿಂಗಲ್ ಬಾರ್, ಹತ್ತುವ ಹಗ್ಗ ಮತ್ತು ಉದ್ದ ಜಿಗಿತದ ಮರಳು ಗುಂಡಿ ಇವೆ. ಇವುಗಳಲ್ಲಿ ಏನು ಮಾಡಬಹುದು?

ಹಳೆಯ ಡೆಕಾಥ್ಲಾನ್

ನೀವು ಕೊಟ್ಟ ಅಂಕಿಗಳೇ ಅರ್ಧ ಉತ್ತರ ಹೇಳುತ್ತಿವೆ. ಪೋಲಿನ ತುದಿಯನ್ನು ಊರುವ ಗುಳಿ, ಅಂದರೆ ಬಾಕ್ಸ್, ನೆಲಮಟ್ಟಕ್ಕಿಂತ 20 ಸೆಂಟಿಮೀಟರ್ ಆಳವಿರುವುದರಿಂದ, 3.50ರಲ್ಲಿ ಹಿಡಿದಾಗ ನಿಮ್ಮ ಮೇಲಿನ ಕೈ ನೆಲದಿಂದ 3.30 ಮೀಟರಿನಷ್ಟು ಎತ್ತರಕ್ಕೆ ಹೋಗುತ್ತದೆ. ಅಂದರೆ ಕೈಯ ಮೇಲೆ ನೀವು ಗಳಿಸುತ್ತಿರುವುದು ಬರೀ 10 ಸೆಂಟಿಮೀಟರ್. ಪೋಲ್ ವಾಲ್ಟ್ ದಿಗ್ಗಜ ಸೆರ್ಗೆಯ್ ಬುಬ್ಕಾ 1994ರಲ್ಲಿ ಸೆಸ್ಟ್ರಿಯೆರ್‌ನಲ್ಲಿ 6.14 ಮೀಟರ್ ದಾಟಿದಾಗ, 5.20 ಮೀಟರಿನ ಪೋಲನ್ನು ತೀರಾ ತುದಿಯಲ್ಲಿ ಹಿಡಿದಿದ್ದರೆಂದುಕೊಂಡರೂ, ಕೈಯ ಮೇಲಿನ ಗಳಿಕೆ ಒಂದು ಮೀಟರನ್ನು ಮೀರುತ್ತದೆ. ನೀವು ಇದೇ ಹಿಡಿತದಲ್ಲಿ 40 ಸೆಂಟಿಮೀಟರ್ ಗಳಿಸಿದರೂ 3.70 ಆಗುತ್ತದೆ. ಆದ್ದರಿಂದ ಸದ್ಯಕ್ಕೆ ಹಿಡಿತ ಏರಿಸುವ ಆಸೆಯನ್ನು ಬದಿಗಿಡಿ.

ಈಗ ಮುಖ್ಯ ಮಾತು. ಸೊಂಟ ಕೈಗಿಂತ ಮೇಲೇರಬೇಕಾದರೆ ಗಾಳಿಯಲ್ಲಿ ಕಾಲು ಮೇಲೆ, ತಲೆ ಕೆಳಗೆ ಆಗಬೇಕು. ತಲೆಕೆಳಗಾಗುವುದು ಹೊಟ್ಟೆಯ ಸ್ನಾಯುಗಳಿಂದ ಕಾಲನ್ನು ಮೇಲೆತ್ತುವ ಕೆಲಸ ಎಂದು ಬಹಳ ಜನ ತಿಳಿದಿರುತ್ತಾರೆ. ವಾಸ್ತವದಲ್ಲಿ ಅದು ಟೇಕಾಫ್ ನಂತರದ ಉದ್ದನೆಯ ತೂಗಾಟದ ಫಲ. ಜಿಗಿದ ಎಡಗಾಲು ಹಿಂದೆ ನೇರವಾಗಿ ಉಳಿದು, ಎದೆ ಮುಂದೆ ಸಾಗಿ, ಭುಜದಿಂದ ಕಾಲ್ಬೆರಳಿನವರೆಗೆ ಮೈ ಬಿಲ್ಲಿನಂತೆ ಹಿಗ್ಗಿದ ಮೇಲೆ ಆ ಕಾಲು ರಭಸದಿಂದ ಮುಂದೆ ಬೀಸಬೇಕು. ಆ ಬೀಸಿನ ಒತ್ತಡವೇ ಪೋಲನ್ನು ಮತ್ತಷ್ಟು ಬಾಗಿಸುತ್ತದೆ ಮತ್ತು ಸೊಂಟವನ್ನು ಮೇಲಕ್ಕೆ ಒಯ್ಯುತ್ತದೆ. ನೀವು ಮಂಡಿಗಳನ್ನು ಬೇಗ ಮಡಚಿದರೆ ಮೈ ಗಿಡ್ಡವಾಗಿ ಬೇಗ ತಿರುಗುತ್ತದೆಯೇ ಹೊರತು ಪೋಲಿನ ಮೇಲೆ ಒತ್ತಡ ಬೀಳುವುದಿಲ್ಲ. ಅದೇ ಕ್ಷಣದಲ್ಲಿ ಮೊಣಕೈ ಮಡಚಿ ಪುಲ್ ಅಪ್ ಮಾಡಿದಂತೆ ಎಳೆದುಕೊಂಡರಂತೂ ಭುಜ ಪೋಲಿಗೆ ಅಂಟಿಕೊಂಡು ಸೊಂಟ ಏರುವ ದಾರಿಯೇ ಮುಚ್ಚಿಹೋಗುತ್ತದೆ. ಪುಲ್ ಅಪ್ಪಿನಲ್ಲಿ ಗಟ್ಟಿಯಿರುವವರಿಗೆ ಈ ಚಟ ಹೆಚ್ಚು. ನಿಮ್ಮ ವಿಡಿಯೊ ನೋಡದೆಯೇ ಹೇಳುತ್ತಿದ್ದೇನೆ, ಆದರೂ ನಿಮ್ಮ ಬಲಮೊಣಕೈ ಮಡಚುತ್ತಿರುವ ಸಾಧ್ಯತೆಯೇ ಹೆಚ್ಚು.

ಬಾರಿನಲ್ಲಿ ಹೀಗೆ ಮಾಡಿ. ಪೋಲ್ ಹಿಡಿಯುವಷ್ಟೇ ಅಂತರದಲ್ಲಿ ಕೈಯಿಟ್ಟು ಜೋತುಬಿದ್ದು, ಬಲಮಂಡಿಯನ್ನು ಟೇಕಾಫಿನಲ್ಲಿ ಇರುವಂತೆ ಮುಂದೆ ಎತ್ತಿ, ಎಡಗಾಲನ್ನು ಹಿಂದೆ ಚಾಚಿ. ಅಲ್ಲಿಂದ ಎಡಗಾಲನ್ನು ಮಡಚದೆ ಮುಂದಕ್ಕೆ ಬೀಸುತ್ತಾ, ನೇರ ತೋಳುಗಳಿಂದ ಬಾರನ್ನು ಸೊಂಟದ ಕಡೆಗೆ ಒತ್ತಿ. ಬೆನ್ನು ನೆಲಕ್ಕೆ ಸಮಾನಾಂತರವಾಗಿ, ಕಣಕಾಲು ಬಾರಿನ ಹತ್ತಿರ ಬಂದಾಗ ಒಂದು ಕ್ಷಣ ತಡೆದು, ನಿಧಾನವಾಗಿ ಇಳಿಯಿರಿ. ಇದು ಸಲೀಸಾದ ಮೇಲೆ ಅಲ್ಲಿಯೇ ನಿಲ್ಲದೆ ಸೊಂಟವನ್ನು ಬಾರಿನವರೆಗೆ ಏರಿಸಿ ಪಾದಗಳನ್ನು ಆಕಾಶಕ್ಕೆ ಚಾಚಿ. ವಾಲ್ಟರ್‌ಗಳು ಈ ಅಭ್ಯಾಸವನ್ನೇ ‘ಬುಬ್ಕಾ’ ಎಂದು ಕರೆಯುತ್ತಾರೆ. ಒಂದು ಸರದಿಗೆ ಐದರಂತೆ ಮೂರು ನಾಲ್ಕು ಸರದಿ ಸಾಕು. ಮೊಣಕೈ ಮಡಚತೊಡಗಿದ ಕೂಡಲೇ ಆ ದಿನದ ಅಭ್ಯಾಸ ಮುಗಿಯಿತೆಂದು ತಿಳಿಯಿರಿ, ಏಕೆಂದರೆ ಮುಂದೆ ಮಾಡುವುದೆಲ್ಲ ತಪ್ಪನ್ನೇ ಗಟ್ಟಿಮಾಡುತ್ತದೆ.

ಒತ್ತುವ ಈ ಶಕ್ತಿ ಬೇರೆಯಾಗಿಯೂ ಬೆಳೆಯಬೇಕು. ರಬ್ಬರ್ ಬ್ಯಾಂಡನ್ನು ಎತ್ತರದಲ್ಲಿ ಕಟ್ಟಿ, ತೋಳು ಮಡಚದೆ ತಲೆಯ ಮೇಲಿನಿಂದ ತೊಡೆಯವರೆಗೆ ಎಳೆಯುವುದು ಇದಕ್ಕೆ ಸರಳ ಉಪಾಯ.

ಗದಗಿನ ಮಲ್ಲಕಂಬಿ

ನಾನು ಪೋಲ್ ವಾಲ್ಟ್ ಮಾಡಿದವನಲ್ಲ, ಆದರೆ ಹಗ್ಗದ ಮಲ್ಲಕಂಬದಲ್ಲಿ ಬೆಳೆದವನು. ನಿಮ್ಮ ಸುತ್ತಮುತ್ತ ಇದಕ್ಕೆ ಕೊರತೆಯಿಲ್ಲ. ಲಕ್ಷ್ಮೇಶ್ವರ, ತುಳಸಿಗೇರಿಯಂತಹ ಊರುಗಳಲ್ಲಿ ಚಿಕ್ಕ ಹುಡುಗರು ಸಹ ತಲೆಕೆಳಗಾಗಿ ಹಗ್ಗದ ಮೇಲೆ ಆರಾಮಾಗಿ ಇರುತ್ತಾರೆ. ತಲೆ ಕೆಳಗೆ, ಕಾಲು ಮೇಲೆ ಇದ್ದಾಗ ಹೊಸಬರಿಗೆ ದಿಕ್ಕು ತಪ್ಪುತ್ತದೆ, ಭಯಕ್ಕೆ ಕತ್ತನ್ನು ಹಿಂದೆ ಎಸೆಯುತ್ತಾರೆ, ಆಗ ಬೆನ್ನು ಕಮಾನಾಗಿ ಕಾಲು ಕೆಳಗೆ ಬೀಳುತ್ತದೆ. ನಿಮ್ಮ ತೊಂದರೆಯಲ್ಲಿ ಇದರ ಪಾಲೂ ಇರಬಹುದು. ಒಂದೆರಡು ತಿಂಗಳು ಗರಡಿಗೆ ಹೋಗಿ ಹಗ್ಗದ ಮೇಲೆ ಕಲಿತರೆ ಆ ಭಯ ಹೋಗುತ್ತದೆ ಎಂಬುದು ನನ್ನ ಅನಿಸಿಕೆ.

ಹಳೆಯ ಡೆಕಾಥ್ಲಾನ್

ಭಯದ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಯೆಲೆನಾ ಇಸಿನ್‌ಬಯೇವಾ ಬಾಲ್ಯದಲ್ಲಿ ಜಿಮ್ನಾಸ್ಟ್ ಆಗಿದ್ದು, ಎತ್ತರ ಹೆಚ್ಚಾಯಿತೆಂದು ಅದನ್ನು ಬಿಟ್ಟು ಪೋಲ್ ವಾಲ್ಟಿಗೆ ಬಂದವರು. 2009ರಲ್ಲಿ ಜ್ಯೂರಿಕ್‌ನಲ್ಲಿ 5.06 ಮೀಟರ್ ದಾಟಿದರು. ತಲೆಕೆಳಗಾದಾಗ ತನ್ನ ಮೈ ಎಲ್ಲಿದೆ ಎಂಬ ಅರಿವು ಅಂತಹವರಿಗೆ ಮೊದಲೇ ಬಂದಿರುತ್ತದೆ.

ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಹಗ್ಗದ ಮಲ್ಲಕಂಬದಲ್ಲಿ ಹಗ್ಗವನ್ನು ಮೈಗೆ ಹತ್ತಿರ ಹಿಡಿದು, ಕಾಲ್ಬೆರಳಿನ ಸಂದಿಯಲ್ಲಿ ಸಿಕ್ಕಿಸಿ, ತೊಡೆಯಲ್ಲಿ ಸುತ್ತಿಕೊಳ್ಳುತ್ತೀರಿ. ವಾಲ್ಟಿನಲ್ಲಿ ಕಾಲಿಗೆ ಯಾವ ಆಸರೆಯೂ ಇಲ್ಲ, ತೂಗಾಟದ ಉದ್ದಕ್ಕೂ ಮೇಲಿನ ತೋಳು ನೇರವಾಗಿಯೇ ಇರಬೇಕು. ಆದ್ದರಿಂದ ಹಗ್ಗದ ಮೇಲೆ ನಿರಾತಂಕವಾಗಿರುವುದನ್ನು ಗರಡಿಯಲ್ಲಿ ಕಲಿಯಲಿ, ಚಲನೆಯನ್ನು ಮಾತ್ರ ವಾಲ್ಟಿನಂತೆಯೇ ಮಾಡಲಿ. ದಪ್ಪ ಹಾಸಿಗೆ ಹಾಕಿ, ಎತ್ತರದ ಪೆಟ್ಟಿಗೆಯ ಮೇಲೆ ನಿಂತು, ಬಲಗೈ ಮೇಲೆ, ಎಡಗೈ ಕೆಳಗೆ ಬರುವಂತೆ ಹಗ್ಗ ಹಿಡಿದು, ತೂಗುತ್ತಾ ಹೋಗಿ ಸೊಂಟವನ್ನು ಏರಿಸಿ ಎರಡೂ ಪಾದಗಳನ್ನು ಹಗ್ಗದ ಪಕ್ಕದಲ್ಲೇ ಮೇಲಕ್ಕೆ ಚಾಚಬೇಕು. ತೂಗಾಟ ತುದಿ ಮುಟ್ಟುವ ಹೊತ್ತಿಗೆ ಬೆನ್ನು ಹಾಸಿಗೆಯ ಕಡೆಗೆ, ಸೊಂಟ ಬಲಗೈಯ ಹತ್ತಿರ ಇರಬೇಕು. ಪಾದಗಳು ಹಗ್ಗವನ್ನು ಬಿಟ್ಟು ಮುಂದೆ ಚಾಚಿಕೊಂಡರೆ ಬಾರನ್ನು ಕೆಡವುವ ವಾಲ್ಟ್ ಅದೇ ಎಂದು ತಿಳಿಯಿರಿ.

ಧಾರವಾಡದ ಜಿಗಿತಗಾರ

ಸರ್, ನಿನ್ನೆ ಗೆಳೆಯನಿಂದ ಪಕ್ಕದಿಂದ ಸ್ಲೋ ಮೋಷನ್ ವಿಡಿಯೊ ತೆಗೆಸಿ ನೋಡಿದೆ. ನೀವು ಹೇಳಿದಂತೆಯೇ ಬಲಮೊಣಕೈ ಮಡಚಿದೆ, ಎಡಗಾಲು ನೆಲ ಬಿಟ್ಟ ಕೂಡಲೇ ಬಲಗಾಲಿನ ಜೊತೆ ಸೇರಿಕೊಳ್ಳುತ್ತಿದೆ. ಇನ್ನೊಂದು ಸಂದೇಹ: ಮರಳು ಗುಂಡಿಯಲ್ಲಿ ತಲೆಕೆಳಗಾಗುವ ಪ್ರಯತ್ನ ಮಾಡಬಹುದೇ? ನನ್ನ ಪೋಲ್ ಮೆತ್ತಗಿದ್ದರೆ ಅನುಕೂಲವಾಗುತ್ತದೆಯೇ?

ಹಳೆಯ ಡೆಕಾಥ್ಲಾನ್

ಮರಳಿನಲ್ಲಿ ತಲೆಕೆಳಗಾಗುವುದು ಬೇಡವೇ ಬೇಡ. ಕತ್ತಿನ ಮೇಲೆ ಬಿದ್ದರೆ ಮರಳು ಕಾಪಾಡುವುದಿಲ್ಲ. ಅಲ್ಲಿ ಕೆಳಗೆ ಹಿಡಿದ ಪೋಲಿನಲ್ಲಿ, ನಾಲ್ಕಾರು ಹೆಜ್ಜೆಯ ಓಟದಿಂದ ಟೇಕಾಫ್ ಮಾಡಿ, ಎಡಗಾಲನ್ನು ಹಿಂದೆಯೇ ಉಳಿಸಿಕೊಂಡು, ಪೋಲಿನ ಬಲಬದಿಯಿಂದ ಸಾಗಿ ಕಾಲೂರಿ ಇಳಿಯುವ ಅಭ್ಯಾಸವಷ್ಟೇ ಸಾಕು. ನೆಲ ಬಿಡುವಾಗ ಜಿಗಿಯುವ ಪಾದ ಮೇಲಿನ ಕೈಯ ನೇರಕ್ಕಿದೆಯೇ ಎಂದು ಪ್ರತಿ ಸಲ ಯಾರಾದರೂ ನೋಡಲಿ. ಪಾದ ಪೋಲಿನ ಕಡೆಗೆ ಒಳಗೆ ಹೋಗಿದ್ದರೆ ಮೇಲಿನ ಕೈ ಹಿಂದಕ್ಕೆ ಜಗ್ಗಿಹೋಗಿ, ಮೊಣಕೈ ಮಡಚದೆ ಬೇರೆ ದಾರಿಯೇ ಇರುವುದಿಲ್ಲ, ಆಗ ಬಾರಿನ ಮೇಲೆ ಎಷ್ಟು ಬೆವರು ಸುರಿಸಿದರೂ ವ್ಯರ್ಥ.

ಮೆತ್ತಗಿನ ಪೋಲ್ ಹುಡುಕಬೇಡಿ. 150 ಪೌಂಡ್ ಎಂದರೆ ಸುಮಾರು 68 ಕೆ.ಜಿ., ನಿಮ್ಮ ತೂಕಕ್ಕೆ ಸರಿಯಾಗಿಯೇ ಇದೆ. ತುದಿಯಿಂದ ಅರ್ಧ ಮೀಟರ್ ಕೆಳಗೆ ಹಿಡಿಯುತ್ತಿರುವುದರಿಂದ ಅದು ಗುರುತಿಗಿಂತ ಬಿರುಸಾಗಿ ವರ್ತಿಸುತ್ತದೆ ಎಂಬುದು ನಿಜ, ಆದರೆ ಪೋಲ್ ಬಾಗದಿದ್ದರೂ ತಲೆಕೆಳಗಾಗಲು ಬರಬೇಕು. ತೂಕಕ್ಕಿಂತ ಕಡಿಮೆ ಗುರುತಿನ ಪೋಲ್ ಮಿತಿಮೀರಿ ಬಾಗಿ ಮುರಿಯಬಹುದು, ಇಲ್ಲವೇ ನಿಮ್ಮನ್ನು ಹಾಸಿಗೆಯಾಚೆಗೆ ಎಸೆಯಬಹುದು.

ಪಿಟ್ ಸಿಗುವ ದಿನ ಬಾರ್ ಇಡಲೇಬೇಡಿ. ಹಿಡಿತವನ್ನು ಎರಡು ಗೇಣು ಇಳಿಸಿ, ಆರು ಅಥವಾ ಎಂಟು ಹೆಜ್ಜೆ ಓಡಿ, ಬಾರಿನ ಕಡೆಗೆ ಮೈ ತಿರುಗಿಸುವ ಯೋಚನೆ ಬಿಟ್ಟು, ಕಾಲುಗಳನ್ನು ಪೋಲಿನ ಪಕ್ಕ ಮೇಲಕ್ಕೆ ಒಯ್ದು ಬೆನ್ನಿನ ಮೇಲೆ ಹಾಸಿಗೆಯ ನಡುವೆ ಬೀಳಿರಿ. ತರಬೇತುದಾರರು ಪಕ್ಕದಲ್ಲೇ ಇರಲಿ. ಬೀಳುವ ಮುನ್ನ ಎರಡೂ ಪಾದಗಳು ಬಲಗೈಗಿಂತ ಮೇಲಿದ್ದವೇ ಎಂಬುದನ್ನು ವಿಡಿಯೊದಲ್ಲಿ ನೋಡಿ. ಸತತವಾಗಿ ಹಾಗೆ ಬರತೊಡಗಿದ ಮೇಲೆ ಬಾರಿನ ಬದಲು ಎಲಾಸ್ಟಿಕ್ ದಾರ ಕಟ್ಟಿ, ತಿರುಗುವುದನ್ನು ಸೇರಿಸಿಕೊಳ್ಳಿ.