ಡೀಸೆಲ್ ಟ್ಯಾಂಕಿನ ಗೋಡೆ ದಪ್ಪ: ಸಾಂದ್ರತೆ 0.85 ಹಾಕೋದಾ, 1 ಹಾಕೋದಾ?

ಪ್ರಶ್ನೆ: ಎಪಿಐ 650 (ಉಕ್ಕಿನ ಸಂಗ್ರಹ ಟ್ಯಾಂಕ್‌ಗಳ ಅಮೆರಿಕನ್ ಮಾನದಂಡ) ಪ್ರಕಾರ ಟ್ಯಾಂಕ್ ಶೆಲ್, ಅಂದರೆ ಸುತ್ತಗೋಡೆಯ ಲೆಕ್ಕ ಮಾಡುತ್ತಿದ್ದೇನೆ. ವ್ಯಾಸ 20 ಮೀಟರ್, ದ್ರವದ ಎತ್ತರ 12 ಮೀಟರ್, ಎ36 ಉಕ್ಕಿನ ಪ್ಲೇಟ್, ಕೊರೋಷನ್ ಅಲವೆನ್ಸ್ (ತುಕ್ಕಿಗೆಂದು ಬಿಡುವ ಹೆಚ್ಚುವರಿ ದಪ್ಪ) 2 ಮಿ.ಮೀ. ಒಳಗೆ ಡೀಸೆಲ್. ಸ್ಪೆಸಿಫಿಕ್ ಗ್ರ್ಯಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 0.85 ಹಾಕಿದರೆ ಕೆಳಗಿನ ಕೋರ್ಸ್, ಅಂದರೆ ಗೋಡೆಯ ತಳದ ಪ್ಲೇಟ್ ಸಾಲು, 8.1 ಮಿ.ಮೀ. ಬರುತ್ತದೆ. 1 ಹಾಕಿದರೆ 9.2. ಟ್ಯಾಂಕ್ ಬಳಕೆಗೆ ಮುನ್ನ ಮಾಡುವ ಹೈಡ್ರೋಟೆಸ್ಟ್‌ಗೆ ಹೇಗೂ ನೀರನ್ನೇ ತುಂಬುತ್ತೇವೆ. ಹಾಗಾದರೆ 1 ಹಾಕಲೇಬೇಕು ಅಲ್ವಾ?

ಉತ್ತರ: ಹಾಕಲೇಬೇಕಂತಿಲ್ಲ ಸರ್. ಇಲ್ಲಿ ಎರಡು ಬೇರೆ ಬೇರೆ ಲೆಕ್ಕಗಳಿವೆ, ನೀವು ಎರಡನ್ನೂ ಬೆರೆಸಿದ್ದೀರಿ.

ಮೊದಲನೆಯದು ಡೀಸೆಲ್ ತುಂಬಿದಾಗಿನದು. 0.85 ಹಾಕಿ, ಪ್ಲೇಟ್ ಒಳಗಿನ ಒತ್ತಡದ (ಸ್ಟ್ರೆಸ್) ಮಿತಿ 160 ಮೆಗಾಪ್ಯಾಸ್ಕಲ್ ಇಟ್ಟು, ಕೊನೆಗೆ 2 ಮಿ.ಮೀ. ಕೂಡಿಸಬೇಕು. 8.1 ಸರಿ. ಎರಡನೆಯದು ನೀರಿನ ಟೆಸ್ಟ್. ಆಗ ಪ್ಲೇಟ್ ಹೊಸದು, ಇನ್ನೂ ತುಕ್ಕು ತಿಂದಿಲ್ಲ. ಹಾಗಾಗಿ ಕೊರೋಷನ್ ಅಲವೆನ್ಸ್ ಕೂಡಿಸುವುದಿಲ್ಲ. ಟೆಸ್ಟ್ ಸ್ವಲ್ಪ ಹೊತ್ತಿನ ಹೊರೆ, ಅದಕ್ಕೆ ಒತ್ತಡದ ಮಿತಿಯೂ ಜಾಸ್ತಿ, 171. ಬರುವುದು 6.7 ಮಿ.ಮೀ. ಎರಡರಲ್ಲಿ ದೊಡ್ಡದು ಯಾವುದೋ ಅದು ನಿಮ್ಮ ದಪ್ಪ.

ಅಲವೆನ್ಸ್ ಸೊನ್ನೆ ಇದ್ದಿದ್ದರೆ ಡೀಸೆಲ್‌ಗೆ 6.1 ಸಾಕಾಗುತ್ತಿತ್ತು, ಆಗ ನೀರಿನ 6.7 ಗೆಲ್ಲುತ್ತಿತ್ತು. ಹಗುರ ದ್ರವ ಅಂತ ಟೆಸ್ಟ್ ಲೆಕ್ಕ ಬಿಟ್ಟುಬಿಡಬೇಡಿ.

ಇನ್ನೊಂದು ಮಾತು. ಈ 0.85 ಎಲ್ಲಿಂದ ತಂದಿರಿ? ತಣ್ಣಗಾದಷ್ಟೂ ಡೀಸೆಲ್ ಭಾರವಾಗುತ್ತದೆ. ಆ ಟ್ಯಾಂಕ್ ಕಾಣುವ ಅತಿ ಕಡಿಮೆ ತಾಪಮಾನದ ಸಾಂದ್ರತೆ ತೆಗೆದುಕೊಳ್ಳಿ, ಸರಾಸರಿಯನ್ನಲ್ಲ.

ಪ್ರಶ್ನೆ: ಈಗ ಅರ್ಥವಾಯಿತು, ಥ್ಯಾಂಕ್ಸ್. ಆದರೆ ಮುಂದೆ ಇದರಲ್ಲೇ 50% ಕಾಸ್ಟಿಕ್ (ಕಾಸ್ಟಿಕ್ ಸೋಡಾ ದ್ರಾವಣ) ಇಡಬಹುದು ಅಂತ ಮಾಲೀಕರು ಹೇಳುತ್ತಿದ್ದಾರೆ.

ಉತ್ತರ: ಅದನ್ನೇ ಮೊದಲು ಹೇಳಬೇಕಿತ್ತು! ಅದರ ಸ್ಪೆಸಿಫಿಕ್ ಗ್ರ್ಯಾವಿಟಿ ಸುಮಾರು 1.53. ಕೆಳಗಿನ ಕೋರ್ಸ್‌ಗೆ ಹತ್ತಿರಹತ್ತಿರ 13 ಮಿ.ಮೀ. ಬೇಕು. ನನಗೆ ನಿಜವಾಗಿ ಭಯ ಇರುವುದು ಇಲ್ಲೇ. ನೀರು ತುಂಬಿ ಟೆಸ್ಟ್ ಪಾಸಾಯಿತು ಅಂತ ಜನ ನಿಶ್ಚಿಂತರಾಗುತ್ತಾರೆ. ಅದೇ ಎತ್ತರದ ನೀರು ಕಾಸ್ಟಿಕ್‌ನ ಹೊರೆಯ ಮೂರನೇ ಎರಡು ಪಾಲೂ ಕೊಡುವುದಿಲ್ಲ. ಅಡಿಪಾಯಕ್ಕೂ ಇದೇ ಮಾತು.

ಕಾಸ್ಟಿಕ್ ಖಚಿತವಾದರೆ ಈಗಲೇ 1.53 ಹಾಕಿ. ಖಚಿತವಿಲ್ಲದಿದ್ದರೆ ಡೀಸೆಲ್‌ಗೆ 9 ಮಿ.ಮೀ. ಪ್ಲೇಟ್ ಹಾಕಿ, ನೇಮ್‌ಪ್ಲೇಟ್ ಮೇಲೆ 0.85 ಅಂತ ಸ್ಪಷ್ಟವಾಗಿ ಬರೆಸಿ. ಆ 9 ಮಿ.ಮೀ. ಲೆಕ್ಕದಲ್ಲಿ ಕಾಸ್ಟಿಕ್‌ಗೆ ಕೆಳಗಿನ ಕೋರ್ಸ್ ತಡೆಯುವುದು ಸುಮಾರು 7.7 ಮೀಟರ್ ಎತ್ತರ ಮಾತ್ರ. ಈ ಅಂಕಿಯನ್ನು ಮಾಲೀಕರಿಗೆ ಇವತ್ತೇ ತೋರಿಸಿ.