ಊರು ಬದಲಾಯ್ತು, ಗಾಡಿ ಸದ್ದು ಬದಲಾಯ್ತು, ಮಗನೂ ಬದಲಾದ: ಮೊಟೊಕ್ರಾಸ್ ಮೆಕ್ಯಾನಿಕ್‌ಗೊಂದು ಪ್ರಶ್ನೆ

ಪ್ರಶ್ನೆ:
ನಮಸ್ಕಾರ ಸರ್. ನಮ್ಮ ಇಡೀ ಮನೆಗೇ ಮೊಟೊಕ್ರಾಸ್, ಅಂದ್ರೆ ಮಣ್ಣಿನ ಟ್ರ್ಯಾಕ್‌ನ ಬೈಕ್ ರೇಸ್, ಹುಚ್ಚು. ಮಗಳಿಗೆ 13 ವರ್ಷ, 85 ಸಿಸಿ ಓಡಿಸ್ತಾಳೆ. ಮಗನಿಗೆ 10, ಅವನದು 65 ಸಿಸಿ. ಎರಡೂ ಕಾರ್ಬ್ಯುರೇಟರ್ (ಪೆಟ್ರೋಲ್, ಗಾಳಿ ಬೆರೆಸೋ ಭಾಗ) ಇರೋ ಟೂ-ಸ್ಟ್ರೋಕ್ ಗಾಡಿಗಳು. ಕೆಲಸದ ಸಲುವಾಗಿ ದೇಶದ ಒಂದು ತುದಿಯಿಂದ ಇನ್ನೊಂದು ತುದಿಗೆ ಬಂದು ಆರು ವಾರ ಆಯ್ತು. ಮೊದಲಿದ್ದ ಜಾಗ 1800 ಮೀಟರ್ ಎತ್ತರದಲ್ಲಿತ್ತು, ತಂಪು ಹವೆ, ಗಟ್ಟಿ ನೆಲದ ಟ್ರ್ಯಾಕ್. ಇಲ್ಲಿ ಸಮುದ್ರಮಟ್ಟ, ವಿಪರೀತ ಸೆಕೆ, ಟ್ರ್ಯಾಕ್ ಪೂರ್ತಿ ಮರಳು.

ಮಗನ ಗಾಡಿ ಇಲ್ಲಿ ಬಂದ ಮೇಲೆ ಹಿಂದೆಂದೂ ಇಲ್ಲದಷ್ಟು ಚುರುಕಾಗಿದೆ. ಆಕ್ಸಿಲರೇಟರ್ ಜೋರಾಗಿ ತಿರುವಿದಾಗ ಮಾತ್ರ ಗಿಲಕಿ ಆಡಿಸಿದಂಥ ಸದ್ದು. ಆಕ್ಸಿಲರೇಟರ್ ಬಿಟ್ಟರೂ ಸದ್ದು ಇಳಿಯೋಕೆ ಸ್ವಲ್ಪ ಹೊತ್ತು ಬೇಕು. ಗಾಡಿ ಇಷ್ಟು ಚೆನ್ನಾಗಿದ್ರೂ ಮಗ ಮಾತ್ರ ನಿಧಾನ. ಪ್ರತಿ ತಿರುವಿನಲ್ಲೂ ಬ್ರೇಕ್ ಹಿಡೀತಾನೆ, ಮುಂದಿನ ಚಕ್ರ ಹೂತು ಎರಡು ಸಲ ಬಿದ್ದ. ಸಸ್ಪೆನ್ಷನ್ ಬದಲಿಸಬೇಕಾ, ಕೋಚ್ ಹಿಡೀಬೇಕಾ? ಈ ಭಾನುವಾರ ಪ್ರಾಕ್ಟೀಸ್ ಇದೆ.

ಮೆಕ್ಯಾನಿಕ್ ಉತ್ತರ:
ಸರ್, ಮೊದಲು ಒಂದು ಮಾತು. ಕಾರ್ಬ್ಯುರೇಟರ್ ಸರಿಮಾಡೋವರೆಗೆ, ಭಾನುವಾರ ಬಂದರೂ, ಆ 65 ಅನ್ನು ಸ್ಟಾರ್ಟ್ ಕೂಡ ಮಾಡಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ಎತ್ತರದ ಜಾಗದಲ್ಲಿ ಗಾಳಿ ತೆಳು. 1800 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು 20% ಕಡಿಮೆ. ಅಲ್ಲಿನ ಮೆಕ್ಯಾನಿಕ್ ಅದಕ್ಕೆ ಸರಿಯಾಗಿ ಸಣ್ಣ ಮೇನ್ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹೋಗೋ ತೂತಿನ ಬಿಡಿಭಾಗ) ಹಾಕಿರ್ತಾರೆ, ಅದು ಅವರ ತಪ್ಪಲ್ಲ. ಈಗ ನೀವು ಕೆಳಗೆ ಬಂದಿದ್ದೀರಿ. ಗಾಳಿ ದಟ್ಟ ಆಯ್ತು, ಜೆಟ್ ಮಾತ್ರ ಅದೇ. ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ನಮ್ಮ ಭಾಷೇಲಿ ಗಾಡಿ ಲೀನ್ ಓಡ್ತಿದೆ. ಟೂ-ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಬರೋದ್ರಿಂದ, ಪೆಟ್ರೋಲ್ ಕಡಿಮೆ ಆದಾಗ ಶಾಖ ಏರೋದಷ್ಟೇ ಅಲ್ಲ, ಆಯಿಲ್ ಕೂಡ ಕಡಿಮೆ ಆಗುತ್ತೆ.

ನೀವು ಚುರುಕು ಅಂತಿದ್ದೀರಲ್ಲ, ಅದು ಆರೋ ದೀಪ ಜೋರಾಗಿ ಉರಿದಂಗೆ. ಸೀಜ್ ಆಗೋ, ಅಂದ್ರೆ ಪಿಸ್ಟನ್ ಸಿಲಿಂಡರ್‌ಗೆ ಕಚ್ಚಿಕೊಂಡು ನಿಂತುಬಿಡೋ, ಮುಂಚೆ ಎಷ್ಟೋ ಇಂಜಿನ್ ಹೀಗೇ ಹಾಡುತ್ತೆ. ಗಿಲಕಿ ಸದ್ದು ಅಂದ್ರೆ ಒಳಗೆ ಪೆಟ್ರೋಲ್ ಅಡ್ಡಾದಿಡ್ಡಿ ಸಿಡೀತಿದೆ ಅಂತ. ನೆಗೆತಕ್ಕೆ ಏರೋ ಹೊತ್ತಲ್ಲಿ ಇಂಜಿನ್ ಸೀಜ್ ಆಗಿ ಹಿಂದಿನ ಚಕ್ರ ಲಾಕ್ ಆದರೆ ಹುಡುಗನ ಗತಿ ಏನು, ನೀವೇ ಯೋಚಿಸಿ.

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಕಂದು ಬಣ್ಣ ಇದ್ರೆ ಸರಿ, ಒದ್ದೆ ಕಪ್ಪು ಇದ್ರೆ ಪೆಟ್ರೋಲ್ ಜಾಸ್ತಿ. ನಿಮ್ಮದು ಬಿಳಿಚಿಕೊಂಡಿರುತ್ತೆ ಅಂತ ನನ್ನ ಊಹೆ. ಗಾಡಿಯ ಮ್ಯಾನ್ಯುಯಲ್ ಹಿಂದಿನ ಪುಟಗಳಲ್ಲಿ ಎತ್ತರ ಮತ್ತು ಉಷ್ಣಾಂಶಕ್ಕೆ ತಕ್ಕ ಜೆಟ್ ಪಟ್ಟಿ ಸಾಮಾನ್ಯವಾಗಿ ಇರುತ್ತೆ. ಅಲ್ಲಿ ಸಮುದ್ರಮಟ್ಟದ ಸಾಲು ನೋಡಿ ಮೇನ್ ಜೆಟ್, ಪೈಲಟ್ ಜೆಟ್, ನೀಡಲ್ (ಪೆಟ್ರೋಲ್ ಅಳತೆ ನಿರ್ಧರಿಸೋ ಭಾಗಗಳು) ಮೂರನ್ನೂ ಸರಿಮಾಡಿ. ಅನುಮಾನ ಬಂದರೆ ದೊಡ್ಡ ಜೆಟ್‌ನಿಂದ ಶುರು ಮಾಡಿ ಒಂದೊಂದೇ ಸೈಜ್ ಇಳಿಸಿ. ಪೆಟ್ರೋಲ್ ಜಾಸ್ತಿ ಆದ್ರೆ ಪ್ಲಗ್ ಹಾಳಾಗುತ್ತೆ, ಕಡಿಮೆ ಆದ್ರೆ ಪಿಸ್ಟನ್. ಮಗಳ ಗಾಡಿಗೂ ಇದೇ ಕೆಲಸ.

ಸಸ್ಪೆನ್ಷನ್ ಈಗಲೇ ಬದಲಿಸಬೇಡಿ. ಸಾಮಾನು ಲಾರಿಯಲ್ಲಿ ಗಾಡಿಗಳನ್ನು ಬೆಲ್ಟ್ ಬಿಗಿದು ಎಷ್ಟು ದಿನ ತಂದ್ರಿ?

ಪ್ರಶ್ನೆ ಕೇಳಿದವರು:
ಒಂಬತ್ತು ದಿನ ಸರ್. ಮುಂದಿನ ಫೋರ್ಕ್ (ಮುಂದಿನ ಚಕ್ರದ ಸಸ್ಪೆನ್ಷನ್ ಕಾಲುಗಳು) ಪೂರ್ತಿ ಕೆಳಗೆ ಒತ್ತಿ ಕಟ್ಟಿದ್ರು.

ಇನ್ನೊಬ್ಬ ಸದಸ್ಯರು:
ಜೆಟ್ ಯಾಕೆ ಬಿಚ್ಚೋದು? ಪೆಟ್ರೋಲ್‌ಗೆ ಆಯಿಲ್ ಸ್ವಲ್ಪ ಜಾಸ್ತಿ ಬೆರೆಸಿದ್ರೆ ಇಂಜಿನ್ ತಂಪಾಗಿರುತ್ತೆ. ನಾವು ಹಂಗೇ ಮಾಡೋದು.

ಮೆಕ್ಯಾನಿಕ್:
ಅಣ್ಣಾ, ಈ ನಂಬಿಕೆಯಿಂದ ಹೋದ ಪಿಸ್ಟನ್‌ಗಳನ್ನ ನಾನು ಡಬ್ಬದಲ್ಲಿ ತುಂಬಿಟ್ಟಿದ್ದೀನಿ. ಜೆಟ್‌ನ ತೂತಿನಲ್ಲಿ ಹೋಗೋದೇ ಇಷ್ಟು ಅಂತ ಲೆಕ್ಕ ಇದೆ. ಅದರಲ್ಲಿ ಆಯಿಲ್ ಪಾಲು ಹೆಚ್ಚಿದ್ರೆ ಪೆಟ್ರೋಲ್ ಪಾಲು ಇಳಿಯುತ್ತೆ, ಗಾಡಿ ಇನ್ನೂ ಲೀನ್ ಆಗುತ್ತೆ. ಕಂಪನಿ ಹೇಳಿದ ಅಳತೆ ಬಿಟ್ಟು ಕದಲಬೇಡಿ.

ಫೋರ್ಕ್ ವಿಷಯ. ಒಂಬತ್ತು ದಿನ ಅದುಮಿ ಕಟ್ಟಿದ್ರೆ ಸೀಲ್ ಸೋರಿದ್ರೂ ಸೋರಬಹುದು, ಕಾಲುಗಳ ಮೇಲೆ ಎಣ್ಣೆ ಗೆರೆ ಇದೆಯಾ ನೋಡಿ. ಮುಂದಿನ ಚಕ್ರ ನೆಲ ಬಿಟ್ಟು ಮೇಲಿರೋ ಹಾಗೆ ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಡಿ. ಸ್ಪ್ರಿಂಗ್ ಫೋರ್ಕ್ ಆದ್ರೆ ಮೇಲ್ಗಡೆ ಸಣ್ಣ ಸ್ಕ್ರೂ ಇರುತ್ತೆ, ಒಂದು ಸಲ ಸಡಿಲಿಸಿ ಮತ್ತೆ ಬಿಗೀರಿ. ಒಳಗೂ ಹೊರಗೂ ಒತ್ತಡ ಒಂದೇ ಆಗುತ್ತೆ. ಸ್ಪ್ರಿಂಗ್ ಬದಲು ಗಾಳಿ ತುಂಬೋ ಏರ್ ಫೋರ್ಕ್ ಆದ್ರೆ ಆ ಸ್ಕ್ರೂ ಗೊಡವೆ ಬೇಡ, ಗೇಜ್ ಇಟ್ಟು ಮ್ಯಾನ್ಯುಯಲ್ ಹೇಳಿದ ಒತ್ತಡ ತುಂಬಿ. ಆಮೇಲೆ ಹೆಲ್ಮೆಟ್, ಬೂಟು ಹಾಕಿಸಿ ಹುಡುಗನ್ನ ಕೂರಿಸಿ ಸ್ಯಾಗ್, ಅಂದ್ರೆ ಅವನ ಭಾರಕ್ಕೆ ಸಸ್ಪೆನ್ಷನ್ ಎಷ್ಟು ಕೂರುತ್ತೆ ಅಂತ, ಅಳೆಯಿರಿ. ಈ ವಯಸ್ಸಲ್ಲಿ ಆರು ವಾರದಲ್ಲೇ ತೂಕ ಬದಲಾಗಿರುತ್ತೆ. ಮರಳಿಗೆ ಹಿಂದೆ ಒಂದೆರಡು ಮಿಲಿಮೀಟರ್ ಜಾಸ್ತಿ ಕೂತರೆ ಮುಂದಿನ ಚಕ್ರ ಹಗುರ ಆಗುತ್ತೆ. ಇಷ್ಟು ಮಾಡಿ ನಿಲ್ಲಿಸಿ.

ಮರಳು ಅಂದಮೇಲೆ ಏರ್ ಫಿಲ್ಟರ್ ಪ್ರತಿ ಸಲ ಓಡಿಸಿದ ಮೇಲೂ ತೊಳೆದು ಎಣ್ಣೆ ಹಚ್ಚಲೇಬೇಕು. ಬ್ರೇಕ್ ಪ್ಯಾಡ್, ಚೈನ್ ಎರಡೂ ನೀವು ಅಂದುಕೊಂಡದ್ದಕ್ಕಿಂತ ಬೇಗ ಸವೆಯುತ್ತೆ.

ಇನ್ನೊಂದು ಪ್ರಶ್ನೆ:
ಸರ್, ಮೇಲೆ ಕೇಳಿದವರು ನಮ್ಮನೆಯವರು. ಅವರು ಗಾಡಿ ಬಗ್ಗೆ ಕೇಳಿದ್ರು, ಮಗನ ಬಗ್ಗೆ ಪೂರ್ತಿ ಹೇಳಿಲ್ಲ. ಹಳೇ ಊರಲ್ಲಿ ಅವನ ರೇಸ್ ನಂಬರ್ 38. ಇಲ್ಲಿ ಆ ನಂಬರ್ ಬೇರೊಬ್ಬ ಹುಡುಗನಿಗಿದೆ ಅಂತ ಗೊತ್ತಾದ ದಿನ ಅವನು ಊಟ ಮಾಡಲಿಲ್ಲ. ಟ್ರ್ಯಾಕ್‌ನಲ್ಲಿ ಯಾರ ಜೊತೇನೂ ಮಾತಾಡಲ್ಲ. ಇವರು ಸ್ಟಾಪ್‌ವಾಚ್ ಹಿಡಿದು ನಿಂತಿರ್ತಾರೆ, ಅವನು ಪ್ರತಿ ಸುತ್ತಿಗೂ ಇವರ ಮುಖ ನೋಡ್ತಾನೆ. ಇದಕ್ಕೆ ಯಾವ ಜೆಟ್ ಹಾಕೋದು?

ಮೆಕ್ಯಾನಿಕ್:
ಅಮ್ಮಾ, ನೀವು ಕೇಳಿದ್ದೇ ನಿಜವಾದ ಪ್ರಶ್ನೆ. ನಾನು ಗಾಡಿ ರಿಪೇರಿ ಮಾಡೋನು, ಮನಸ್ಸಿನ ಡಾಕ್ಟರ್ ಅಲ್ಲ. ಆದ್ರೆ ಟ್ರ್ಯಾಕ್ ಪಕ್ಕ ಇಪ್ಪತ್ತು ವರ್ಷ ನಿಂತಿದ್ದೀನಿ, ಕಂಡದ್ದು ಹೇಳ್ತೀನಿ.

ಗಟ್ಟಿ ನೆಲದಲ್ಲಿ ಕಲಿತ ಮಗುವಿಗೆ ಮರಳು ಅಂದ್ರೆ ಕಾಲಡಿಯ ನೆಲವೇ ಸುಳ್ಳು ಹೇಳಿದ ಹಾಗೆ. ಅಲ್ಲಿ ಭಯ ಆದ್ರೆ ಬ್ರೇಕ್ ಹಿಡಿದರೆ ಬಚಾವ್. ಇಲ್ಲಿ ಬ್ರೇಕ್ ಹಿಡಿದ್ರೆ, ಆಕ್ಸಿಲರೇಟರ್ ಥಟ್ಟನೆ ಬಿಟ್ರೆ, ಮುಂದಿನ ಚಕ್ರ ಹೂತು ಬೀಳ್ತಾನೆ. ಮೈ ಸ್ವಲ್ಪ ಹಿಂದೆ, ಕಣ್ಣು ದೂರಕ್ಕೆ, ಆಕ್ಸಿಲರೇಟರ್ ಬಿಡದೆ ಎಳೀತಾ ಇರಬೇಕು. ಅಂದ್ರೆ ಭಯ ಆದಾಗ ಮೈ ಏನು ಮಾಡು ಅನ್ನುತ್ತೋ ಅದರ ಉಲ್ಟಾ. ಇದು ಒಂದೆರಡು ವಾರದಲ್ಲಿ ಬರಲ್ಲ. ಸೆಕೆಗೆ ಮೈ ಒಗ್ಗೋಕೇ ಎರಡು ವಾರ ಬೇಕು, ಅದೂ ದಿನಾ ಬಿಸಿಲಲ್ಲಿ ಆಡಿದರೆ. ವಾರಕ್ಕೊಂದು ದಿನ ಬರೋ ಹುಡುಗನಿಗೆ ಇನ್ನೂ ಜಾಸ್ತಿ.

ಸ್ಟಾಪ್‌ವಾಚ್ ಒಂದು ತಿಂಗಳು ಟೂಲ್ ಬಾಕ್ಸ್‌ನಲ್ಲಿ ಇರಲಿ. ಯಜಮಾನ್ರಿಗೆ ಬೇಜಾರಾಗಬಹುದು, ಆಗಲಿ. ಹಳೇ ಟ್ರ್ಯಾಕ್‌ನ ಟೈಮ್‌ಗೂ ಈ ಟ್ರ್ಯಾಕ್‌ನ ಟೈಮ್‌ಗೂ ಸಂಬಂಧವೇ ಇಲ್ಲ. ಅದರ ಬದಲು ಬೆಳಿಗ್ಗೆ ಅಪ್ಪ ಮಗ ಟ್ರ್ಯಾಕ್ ಸುತ್ತ ನಡೆಯಿರಿ. ಎಲ್ಲಿ ಮರಳು ಗುಡ್ಡೆ ಬಿದ್ದಿದೆ, ಎಲ್ಲಿ ಗಟ್ಟಿ ಇದೆ ಅಂತ ಅವನೇ ತೋರಿಸಲಿ. ಅಕ್ಕನಿಗೂ ಮರಳು ಹೊಸದೇ ತಾನೆ? ಪ್ರಾಕ್ಟೀಸ್‌ನಲ್ಲಿ ಇಬ್ಬರನ್ನೂ ಒಂದೇ ಗುಂಪಲ್ಲಿ ಬಿಡೋದಾದ್ರೆ ಅವಳ ಹಿಂದೆ ನಿಧಾನಕ್ಕೆ ಎರಡು ಸುತ್ತು ಬರಲಿ, ಅವಳು ಬೀಳೋದನ್ನೂ ನೋಡಲಿ. ಇಬ್ಬರೂ ಬೀಳ್ತಾರೆ ಅಂತ ಗೊತ್ತಾದ್ರೆ ಅರ್ಧ ಭಾರ ಇಳಿಯುತ್ತೆ.

ನಂಬರ್ ವಿಷಯದಲ್ಲಿ ನಾನು ಬಾಯಿ ಹಾಕಲ್ಲ. ಹೊಸ ನಂಬರ್ ಅವನೇ ಆರಿಸಲಿ, ಅವಸರ ಬೇಡ. 38ರ ಹಳೇ ಪ್ಲೇಟ್ ಮಾತ್ರ ಎಸೀಬೇಡಿ.

ಪ್ರಶ್ನೆ ಕೇಳಿದವರು, ಹತ್ತು ದಿನದ ನಂತರ:
ಸರ್, ಪ್ಲಗ್ ಸುಣ್ಣದ ಹಾಗೆ ಬೆಳ್ಳಗಿತ್ತು. ಸಿಲಿಂಡರ್ ಬಿಚ್ಚಿಸಿದೆ. ಪಿಸ್ಟನ್‌ನ ಎಕ್ಸಾಸ್ಟ್ ಕಡೆ ಗೀರು ಬಿದ್ದಿತ್ತು, ಸಿಲಿಂಡರ್ ಉಳೀತು. ಹೊಸ ಪಿಸ್ಟನ್, ರಿಂಗ್, ಜೆಟ್ ಹಾಕಿದ್ವಿ. ಗಿಲಕಿ ಸದ್ದು ಹೋಯ್ತು. ಮಗಳ ಗಾಡಿಯದೂ ಬೆಳ್ಳಗೇ ಇತ್ತು, ಆದ್ರೆ ಗೀರಿಲ್ಲ. ಭಾನುವಾರ ಟ್ರ್ಯಾಕ್‌ಗೆ ಹೋದ್ವಿ, ಗಾಡಿ ಇಳಿಸಲಿಲ್ಲ, ಬರೀ ನಡೆದ್ವಿ. ಸ್ಟಾಪ್‌ವಾಚ್ ಮನೆಯವಳು ಎಲ್ಲಿಟ್ಟಿದ್ದಾಳೋ ಗೊತ್ತಿಲ್ಲ.

ಮೆಕ್ಯಾನಿಕ್:
ಹುಡುಕಬೇಡಿ. ಹೊಸ ಪಿಸ್ಟನ್ ಅಲ್ವಾ, ಮೊದಲ ದಿನ ಆಕ್ಸಿಲರೇಟರ್ ಪೂರ್ತಿ ತಿರುವದೆ, ನಡುನಡುವೆ ಆರಲು ಬಿಟ್ಟು ಓಡಿಸಿ. ನಾಲ್ಕೈದು ಸಲ ಹೀಗೆ ಓಡಿಸಿದ ಮೇಲೆ ಪ್ಲಗ್ ಫೋಟೋ ಇಲ್ಲಿ ಹಾಕಿ, ನೋಡ್ತೀನಿ.