ನಿರಾಶ್ರಿತರ ‘ಭಯ’ ಮತ್ತು ‘ಆತಂಕ’: ಬಳಕೆಯ ಬಗ್ಗೆ ಒಂದು ಪ್ರಶ್ನೆ

ಮಾನ್ಯರೇ,

ನಿರಾಶ್ರಿತರ ಮಾನಸಿಕ ಆರೋಗ್ಯವನ್ನು ಕುರಿತ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುವಾಗ ‘ಭಯ’ ಎಂಬ ಸರಳ ಪದದಲ್ಲೇ ತೊಡಕು ಎದುರಾಗಿದೆ. ಯಾರು ನಿರಾಶ್ರಿತರೆಂದು ಹೇಳುವ ವಿಶ್ವಸಂಸ್ಥೆಯ 1951ರ ನಿರಾಶ್ರಿತರ ಒಡಂಬಡಿಕೆಯ ವ್ಯಾಖ್ಯೆಯಲ್ಲಿ, ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣದಿಂದ ಹಿಂಸೆಗೆ ಗುರಿಯಾಗುವೆನೆಂಬ ‘ಸಕಾರಣ ಭಯ’ವೇ ಮುಖ್ಯ ಷರತ್ತು. ಆಶ್ರಯ ಕೋರುವ ಅರ್ಜಿದಾರರು ಅಧಿಕಾರಿಯ ಮುಂದೆ ತಮ್ಮ ಭಯಕ್ಕೆ ಆಧಾರವಿದೆಯೆಂದು ತೋರಿಸಬೇಕು. ಅವರೇ ವೈದ್ಯರ ಬಳಿ ಹೋದಾಗ, ಬಾಗಿಲು ಬಡಿದ ಸದ್ದಿಗೂ ಬೆಚ್ಚಿಬೀಳುವುದು ರೋಗಲಕ್ಷಣವೆಂದು ದಾಖಲಾಗುತ್ತದೆ. ಮೊದಲನೆಯದು ಮುಂದೇನಾದೀತೆಂದು ತೂಗಿ ನೋಡಿದ ಅಂದಾಜು. ಎರಡನೆಯದು ಮೈ ತಾನಾಗಿ ತೋರುವ ಪ್ರತಿಕ್ರಿಯೆ. ಒಂದೇ ಪದ ಎರಡೂ ಕಡೆ ಬಂದರೆ, ನ್ಯಾಯವಾದ ಭಯವೂ ಕಾಯಿಲೆಯಂತೆ ಕಾಣಬಹುದೆಂಬ ಅಳುಕು ನನ್ನದು. ಆದ್ದರಿಂದ ಕಾನೂನಿನ ಮಾತಿಗೆ ‘ಭಯ’ವನ್ನು ಉಳಿಸಿ, ಲಕ್ಷಣಕ್ಕೆ ‘ದಿಗಿಲು’ ಎಂದು ಬಳಸಿದ್ದೇನೆ.

‘ಆತಂಕ’ದ ಕಷ್ಟ ಬೇರೆ ಬಗೆಯದು. ವೈದ್ಯಕೀಯ ಬರಹಗಳಲ್ಲಿ ಅದು ನೆಲೆಯೂರಿದೆಯಾದರೂ, ‘ಅಡ್ಡಿ ಆತಂಕ’ ಎನ್ನುವಾಗಿನ ತಡೆ ಎಂಬ ಅರ್ಥವೂ ಇನ್ನೂ ಜೀವಂತವಾಗಿದೆ. ‘ನಿಮಗೆ ಏನಾದರೂ ಆತಂಕ ಇದೆಯೇ?’ ಎಂದು ಕೇಳಿದರೆ, ‘ಇಲ್ಲ, ಕಾಗದಪತ್ರವೆಲ್ಲ ಸರಿಯಾಯಿತು’ ಎಂಬ ಉತ್ತರ ಬಂದೀತು. ರಾತ್ರಿಯಿಡೀ ನಿದ್ದೆ ಹತ್ತದಿರುವ ಸಂಗತಿ ಹೊರಗೇ ಉಳಿದೀತು. ಅದರ ಬದಲು ‘ಮನಸ್ಸಿಗೆ ಕಳವಳವಾಗುತ್ತದೆಯೇ, ಎದೆ ಡವಡವ ಎನ್ನುತ್ತದೆಯೇ?’ ಎಂದು ಬಿಡಿಸಿ ಕೇಳುವುದೇ ಮೇಲೆಂದು ತೋರುತ್ತದೆ. ಪ್ರಶ್ನೆ ಉದ್ದವಾಗುತ್ತದೆಂಬುದು ನಿಜ.

ಇನ್ನು ‘ಆಘಾತೋತ್ತರ ಒತ್ತಡ’ (ಪಿಟಿಎಸ್‌ಡಿ), ಅಂದರೆ ಭೀಕರ ಅನುಭವವೊಂದರ ನಂತರ ಬಿಡದೆ ಕಾಡುವ ಮನೋವ್ಯಾಧಿ. ಅಮೆರಿಕದ ಮನೋವೈದ್ಯರ ಕೈಪಿಡಿಗೆ 1980ರಲ್ಲಿ ಸೇರಿದ ರೋಗನಾಮದ ಅನುವಾದವಿದು. ‘ಉತ್ತರ’ ಎಂದರೆ ಆಘಾತ ಮುಗಿದಿದೆ ಎಂದಾಯಿತು. ಆದರೆ ಒಡಹುಟ್ಟಿದವರು ಇನ್ನೂ ಯುದ್ಧದ ನಡುವೆಯೇ ಇರುವಾಗ, ತಮ್ಮ ಅರ್ಜಿಯೂ ವರ್ಷಗಟ್ಟಲೆ ತೀರ್ಮಾನವಾಗದಿರುವಾಗ, ಮುಗಿದದ್ದು ಯಾವುದು? ರೋಗದ ಹೆಸರನ್ನು ಬದಲಿಸುವ ಅಧಿಕಾರ ಅನುವಾದಕರಿಗಿಲ್ಲವಾದ್ದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ: ‘ದಿಗಿಲು’ ಎಂಬುದು ತಟ್ಟನೆ ಬಂದು ಹೋಗುವ ಹೆದರಿಕೆಗೆ ಮಾತ್ರ ಸಲ್ಲುವ ಪದವೇ, ಅಥವಾ ತಿಂಗಳುಗಟ್ಟಲೆ ಬಿಡದೆ ಕಾಡುವುದಕ್ಕೂ ಹೊಂದೀತೇ? ಎರಡನೆಯ ಅರ್ಥದಲ್ಲಿ ನಿಮ್ಮ ಕಡೆಯ ಮಾತಿನಲ್ಲಿ ಬೇರೆ ಪದವಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಡನೆ ದಯವಿಟ್ಟು ತಿಳಿಸಿ.